ಭೂಸಂರಕ್ಷಣಪತ್ರದ ವಾಕ್ಯಾರ್ಥವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯಭಾಗದ ವರ್ಮಾಂಟ್ ಸಂಸ್ಥಾನದಲ್ಲಿ ನೆಲಸಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಹೋದ ವರ್ಷ ಒಂದು ಕಾಗದವನ್ನು ಬರೆದು, ಅದರೊಡನೆ ಆ ಪ್ರಾಂತದಲ್ಲಿ ರೂಢಿಯಲ್ಲಿರುವ ಕರಾರುಪತ್ರಗಳ ಎರಡು ಮಾದರಿಗಳನ್ನು, ಹಳೆಯದೊಂದನ್ನೂ ಈಚಿನದೊಂದನ್ನೂ, ಕಳುಹಿಸಿದ್ದರು. ಈ ಪತ್ರಕ್ಕೆ ಅಲ್ಲಿ ‘ಕನ್ಸರ್ವೇಷನ್ ಈಸ್‌ಮೆಂಟ್’ ಎಂದು ಹೆಸರು. ಇದನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಯುಕ್ತ ಎಂಬುದಿಷ್ಟೇ ಅವರ ಪ್ರಶ್ನೆ. ಒಂದೇ ಕಾಗದದಲ್ಲಿ ಉತ್ತರ ಬರೆದು ಮುಗಿಸಬಹುದೆಂದು ನಾವು ತಿಳಿದಿದ್ದೆವು. ಆದರೆ ಪತ್ರಗಳನ್ನು ಓದುತ್ತ ಹೋದಂತೆ, ಹೆಸರಿನ ತೊಡಕಿಗಿಂತ ವಾಕ್ಯದ ತೊಡಕು ದೊಡ್ಡದೆಂದೂ, ಅಲ್ಲಿಯ ಬೇಸಾಯಗಾರರ ಮಕ್ಕಳಿಗೆ ಹೊಲ ಸಿಕ್ಕುವುದೂ ಸಿಕ್ಕದಿರುವುದೂ ಆ ವಾಕ್ಯದ ಅರ್ಥನಿರ್ಣಯವನ್ನೇ ಅವಲಂಬಿಸಿದೆಯೆಂದೂ ಕಂಡುಬಂದಿತು. ಕಾವ್ಯವಲ್ಲದ ಬರಹವನ್ನು ಈ ಪತ್ರಿಕೆಯ ವಿಮರ್ಶೆಗೆ ವಿಷಯವಾಗಿ ಮಾಡಿಕೊಂಡುದಕ್ಕೆ ವಿದ್ವಾಂಸರು ಕ್ಷಮಿಸಬೇಕು. ಕಲ್ಲಿನ ಮೇಲೆ ಕೊರೆದ ದಾನಪತ್ರಗಳನ್ನು ಸಾಹಿತ್ಯವೆಂದು ಓದುವ ನಾವು ಕಾಗದದ ಮೇಲಿರುವುದನ್ನು ಹೊರಗಿಡಲು ಕಾರಣ ಕಾಣಲಿಲ್ಲ.

ಮೊದಲು ವಿಷಯವನ್ನು ನಿರೂಪಿಸುವೆವು. ಪಟ್ಟಣದ ಸಮೀಪದಲ್ಲಿಯೋ, ಬೆಟ್ಟ ಸಮುದ್ರಗಳ ನೋಟವುಳ್ಳ ಎಡೆಯಲ್ಲಿಯೋ ಇರುವ ಹೊಲಕ್ಕೆ ಎರಡು ಬೆಲೆಗಳಿರುತ್ತವೆ. ಬೆಳೆಯ ಆದಾಯವನ್ನು ನೋಡಿ ಬೇಸಾಯಗಾರನು ಕೊಡಬಲ್ಲ ಬೆಲೆ ಒಂದು. ಅದನ್ನು ನಿವೇಶನಗಳಾಗಿ ಒಡೆದು ಮನೆ ಕಟ್ಟಿ ಮಾರುವವನು ಕೊಡುವ ಬೆಲೆ ಮತ್ತೊಂದು. ಲೆಕ್ಕದ ಅನುಕೂಲಕ್ಕಾಗಿ ಮಾತ್ರ ಮೊದಲನೆಯದನ್ನು ೪ ಲಕ್ಷ ಡಾಲರೆಂದೂ ಎರಡನೆಯದನ್ನು ೧೦ ಲಕ್ಷವೆಂದೂ ಇಟ್ಟುಕೊಳ್ಳೋಣ. ಒಡೆಯನು ಮುದುಕನಾಗಿ ಮಾರಲು ಹೊರಟಾಗ ೧೦ ಲಕ್ಷ ಕೊಡುವವನಿಗೇ ಹೊಲ ಹೋಗುವುದು ಸಹಜ. ಇದನ್ನು ತಪ್ಪಿಸುವುದಕ್ಕಾಗಿ ಸರ್ಕಾರವಾಗಲಿ, ಈ ಕಾರ್ಯಕ್ಕೆಂದೇ ಏರ್ಪಟ್ಟ ನ್ಯಾಸಸಂಘವಾಗಲಿ ನಡುವಣ ೬ ಲಕ್ಷವನ್ನು ಒಡೆಯನಿಗೆ ಕೊಟ್ಟು, ಹೊಲವನ್ನು ಅವನ ವಶದಲ್ಲಿಯೇ ಬಿಟ್ಟು, ಅಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಕೊಂಡುಕೊಳ್ಳುತ್ತದೆ. ಕೊಂಡ ಹಕ್ಕನ್ನು ತಾನೂ ಬಳಸುವುದಿಲ್ಲ. ಅದು ಅಲ್ಲಿಗೆ ಅಡಗಿಹೋಗುವುದು. ಒಡೆಯನು ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು; ಹೊಲ ಯಾರ ಕೈಸೇರಿದರೂ ನಿರ್ಬಂಧವು ನೆಲದೊಡನೆಯೇ ಹೋಗುವುದು.

ಈ ಹೆಸರನ್ನು ಪ್ರಚಾರಕ್ಕೆ ತಂದವರು ವಿಲಿಯಂ ವೈಟ್ ಎಂಬ ಗ್ರಂಥಕಾರರು. ನಗರಗಳ ಸುತ್ತಣ ಬಯಲನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತ ಅವರ ಗ್ರಂಥವು ೧೯೫೯ರಲ್ಲಿ ಹೊರಬಂದಿತು. ನ್ಯೂಯಾರ್ಕ್ ಸಂಸ್ಥಾನದ ಸಫೋಕ್ ಕೌಂಟಿಯು ಸಾರ್ವಜನಿಕ ಹಣದಿಂದ ರೈತರ ಕಟ್ಟಡದ ಹಕ್ಕನ್ನು ಕೊಳ್ಳುವ ಕಟ್ಟಳೆಯನ್ನು ೧೯೭೪ರಲ್ಲಿ ಮಾಡಿತು. ಮ್ಯಾಸಚೂಸೆಟ್ಸ್, ಮೇರಿಲೆಂಡ್ ಸಂಸ್ಥಾನಗಳು ೧೯೭೭ರಲ್ಲಿ ಅದೇ ದಾರಿಯನ್ನು ಹಿಡಿದವು. ಕೇಂದ್ರ ಸರ್ಕಾರವು ಹಣ ಕೂಡಿಸತೊಡಗಿದ್ದು ೧೯೯೬ರ ಕೃಷಿ ಶಾಸನದಿಂದ. ಹಕ್ಕನ್ನು ಮಾರದೆ ದಾನವಾಗಿ ಕೊಟ್ಟವರಿಗೆ ವರಮಾನ ತೆರಿಗೆಯಲ್ಲಿ ವಿನಾಯಿತಿಯುಂಟು. ೧೯೮೦ರಲ್ಲಿ ರೂಪುಗೊಂಡ ಆ ನಿಬಂಧನೆಯು ಪತ್ರವು ಶಾಶ್ವತವಾಗಿರತಕ್ಕದ್ದೆಂದು ಕೇಳುತ್ತದೆ. ನಮ್ಮ ಶಾಸನಕಾರರು ‘ಆಚಂದ್ರಾರ್ಕ’ವೆಂದು ಬರೆದುದನ್ನು ಅಲ್ಲಿ ತೆರಿಗೆಯ ಇಲಾಖೆಯೇ ಬರೆಯಿಸುತ್ತಿದೆ. ಆದರೆ ತೆರಿಗೆಯ ವಿನಾಯಿತಿಯಿಂದ ಫಲ ಬರುವುದು ದೊಡ್ಡ ತೆರಿಗೆಯನ್ನು ಕೊಡುವವನಿಗೆ. ಹಾಲು ಕರೆದು ಸಾಲ ತೀರಿಸುವವನಿಗೆ ಅದರಿಂದ ಬರುವುದು ಅತ್ಯಲ್ಪ.

ಇನ್ನು ಹೆಸರಿನ ವಿಚಾರ. ‘ಈಸ್‌ಮೆಂಟ್’ ಎಂಬುದು ಭಾರತದ ಕಾನೂನಿಗೆ ಹೊಸದಲ್ಲ. ೧೮೮೨ರಲ್ಲಿಯೇ ಆ ಹೆಸರಿನ ಅಧಿನಿಯಮವಾಯಿತು. ಅದಕ್ಕೆ ಕನ್ನಡದಲ್ಲಿ ‘ಅನುಭೋಗದ ಹಕ್ಕು’ ಎಂದು ಬಳಸುತ್ತಾರೆ. ನೆರೆಹೊಲದಲ್ಲಿ ನಡೆದುಹೋಗುವ ದಾರಿ, ಅಲ್ಲಿಂದ ಹರಿದುಬರುವ ಕಾಲುವೆಯ ನೀರು, ಇವು ಅದರ ಉದಾಹರಣೆಗಳು. ಇಲ್ಲಿ ಒಂದು ಹೊಲವು ಅನುಭವಿಸುವುದು, ಮತ್ತೊಂದು ಅನುಭವಿಸಗೊಡುವುದು. ಹಕ್ಕಿನ ಆಶ್ರಯ ಹೊಲವೇ ಹೊರತು ಮನುಷ್ಯನಲ್ಲ. ಪ್ರಕೃತ ಪತ್ರದಲ್ಲಾದರೋ ಅನುಭವಿಸುವ ಹೊಲವೇ ಇಲ್ಲ. ಹಕ್ಕನ್ನು ಹಿಡಿದಿರುವ ಸಂಘವು ನೂರಾರು ಮೈಲಿಗಳಾಚೆ ಇರಬಹುದು. ಅದು ಆ ನೆಲದ ಹುಲ್ಲುಕಡ್ಡಿಯನ್ನೂ ಅನುಭೋಗಿಸುವುದಿಲ್ಲ, ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತದೆ. ಆದಕಾರಣ ‘ಅನುಭೋಗ’ವೆಂಬ ಪದಕ್ಕೆ ಇಲ್ಲಿ ಯೋಗವೂ ಇಲ್ಲ, ರೂಢಿಯೂ ಇಲ್ಲ. ಮ್ಯಾಸಚೂಸೆಟ್ಸಿನವರು ಇದನ್ನು ‘ನಿರ್ಬಂಧ’ವೆಂದೇ ಕರೆಯುತ್ತಾರೆ, ಮೂರು ನಾಲ್ಕು ಹೆಸರುಗಳಲ್ಲಿ ಅದೇ ಹೆಚ್ಚು ಪ್ರಾಮಾಣಿಕವೆಂದು ನಮಗೆ ತೋರುತ್ತದೆ.

ಪ್ರಸಂಗವಶಾತ್ ಒಂದು ಮಾತು. ಅಲ್ಲಿಯ ನ್ಯಾಯವಾದಿಗಳು ಒಡೆತನವನ್ನು ಕಡ್ಡಿಗಳ ಕಟ್ಟಿಗೆ ಹೋಲಿಸಿ, ಈ ಪತ್ರದಿಂದ ಅದರೊಳಗಿನ ಒಂದು ಕಡ್ಡಿಯನ್ನು ಹಿರಿದುಕೊಳ್ಳುವುದಾಗುತ್ತದೆಂದು ಪಾಠ ಹೇಳುತ್ತಾರೆ. ವಿಜಯನಗರದ ತಾಮ್ರಶಾಸನಗಳನ್ನು ಓದಿದವರಿಗೆ ಇದು ಹೊಸದೆನಿಸಲಾರದು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಭೂಮಿಯ ಭೋಗಗಳನ್ನು ಎಂಟಾಗಿ ಎಣಿಸಿ ದಾನಮಾಡುವುದು ಅಲ್ಲಿಯ ವಾಡಿಕೆ. ಈಗ ಆಗಿರುವ ಫಲ ಸಿದ್ಧ, ಮುಂದೆ ಮಾಡಿಕೊಳ್ಳಬಹುದಾದುದು ಸಾಧ್ಯ. ವರ್ಮಾಂಟಿನ ರೈತನು ಸಿದ್ಧವನ್ನು ಉಳಿಸಿಕೊಂಡು ಸಾಧ್ಯದ ಒಂದು ಭಾಗವನ್ನು ಮಾರುತ್ತಿದ್ದಾನೆ ಎಂದರೆ ಆ ವ್ಯವಹಾರದ ಸ್ವರೂಪವು ನಮ್ಮ ಪರಿಭಾಷೆಯಲ್ಲಿ ಸ್ಪಷ್ಟವಾಗುವುದು. ಇಷ್ಟರಿಂದಲೇ ಎಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಹೊಗಳಿಕೊಳ್ಳುವವರ ಗುಂಪಿಗೆ ನಾವು ಸೇರಿದವರಲ್ಲ. ಎಂಟನ್ನೂ ಒಟ್ಟಿಗೆ ಕೊಡುವುದಕ್ಕಾಗಿ ಮಾಡಿದ ಎಣಿಕೆ ಅದು. ಒಂದನ್ನು ಬೇರ್ಪಡಿಸಿ ಆರಿಸಿಬಿಡುವುದಕ್ಕಾಗಿ ಮಾಡಿದ್ದಲ್ಲ.

ಈಗ ಮುಖ್ಯವಾದ ವಾಕ್ಯಕ್ಕೆ ಬರುವೆವು. ಹಳೆಯ ಮಾದರಿಯ ಪತ್ರವು ಪೀಠಿಕೆಯಲ್ಲಿ ಕೃಷಿಯನ್ನು ಬಹಳವಾಗಿ ಕೊಂಡಾಡುತ್ತದೆ. ಒಳ್ಳೆಯ ಮಣ್ಣು, ಹಿಂದಿನವರ ದುಡಿಮೆ, ಮುಂದಿನವರ ಅನ್ನ, ಎಲ್ಲವೂ ಅಲ್ಲಿದೆ. ಇದು ಅರ್ಥವಾದ. ಅನಂತರ ಬರುವ ವಿಧಾಯಕ ವಾಕ್ಯದ ತಾತ್ಪರ್ಯವೇನೆಂದರೆ, ಈ ಭೂಮಿಯನ್ನು ಕೃಷಿ, ಅರಣ್ಯ, ವ್ಯಾಪಾರಕ್ಕಲ್ಲದ ವಿಹಾರ, ಬಯಲು ಇವುಗಳಿಗೆ ಮಾತ್ರ ಬಳಸತಕ್ಕದ್ದು ಎಂದು. ಸಾಮಾನ್ಯ ವಾಚಕನಿಗೆ ಇದು ಕೃಷಿಯನ್ನು ವಿಧಿಸುವ ವಾಕ್ಯವಾಗಿ ಕೇಳಿಸುತ್ತದೆ. ಹಣ ಕೊಟ್ಟ ನಾಗರಿಕರಿಗೂ ಹಾಗೆಯೇ ಕೇಳಿಸಿತು. ಹಾಗೆ ಕೇಳಿಸಿದ್ದೇ ಅನರ್ಥಕ್ಕೆ ಮೂಲ.

ಕುಮಾರಿಲಭಟ್ಟರು ಮಾಡಿರುವ ವಿಭಾಗವನ್ನು ಇಲ್ಲಿ ಸ್ಮರಿಸಬೇಕು. ಬೇರೆ ಯಾವುದರಿಂದಲೂ ತಿಳಿಯದುದನ್ನು ಹೇಳಿದರೆ ವಿಧಿ. ಒಂದು ಕಾರ್ಯಕ್ಕೆ ಹಲವು ಸಾಧನಗಳು ಒದಗುವಾಗ ಇದರಿಂದಲೇ ಮಾಡಬೇಕೆಂದರೆ ನಿಯಮ. ಎರಡೂ ಏಕಕಾಲದಲ್ಲಿ ಒದಗಿರುವಾಗ ಒಂದನ್ನು ಹೊರದೂಡುವುದೇ ತಾತ್ಪರ್ಯವಾದರೆ ಪರಿಸಂಖ್ಯೆ. ಭತ್ತದ ಹೊಟ್ಟನ್ನು ಉಗುರಿನಿಂದ ಸುಲಿದೂ ತೆಗೆಯಬಹುದು, ಕುಟ್ಟಿಯೂ ತೆಗೆಯಬಹುದು. ಕುಟ್ಟಬೇಕೆಂಬ ವಾಕ್ಯವು ನಿಯಮ, ಕುಟ್ಟದಿದ್ದರೆ ಕರ್ಮಕ್ಕೆ ಲೋಪ. ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಇಂಥ ಐದನ್ನು ತಿನ್ನಬಹುದೆಂಬ ವಾಕ್ಯವಾದರೋ ಪರಿಸಂಖ್ಯೆ. ಅದು ತಿನ್ನೆಂದು ಹೇಳುವುದಿಲ್ಲ, ಮಿಕ್ಕವನ್ನು ತಿನ್ನಬೇಡವೆನ್ನುತ್ತದೆ. ಆ ಐದರಲ್ಲಿ ಒಂದನ್ನೂ ಮುಟ್ಟದೆ ಜನ್ಮವನ್ನು ಕಳೆದವನಿಗೆ ದೋಷವಿಲ್ಲ.

ಹಳೆಯ ಪತ್ರದ ವಾಕ್ಯವು ನಿಯಮದ ವೇಷವನ್ನು ಧರಿಸಿದ ಪರಿಸಂಖ್ಯೆ. ಕೃಷಿಯ ಪಕ್ಕದಲ್ಲಿಯೇ ‘ಬಯಲು’ ಎಂಬುದನ್ನು ಸಮವಾಗಿ ಎಣಿಸಿರುವುದರಿಂದ, ಏನನ್ನೂ ಬೆಳೆಯದೆ ಬರಿದೆ ಬಿಟ್ಟರೂ ವಾಕ್ಯವು ತೃಪ್ತವಾಗುತ್ತದೆ. ಪರಿಸಂಖ್ಯೆಗೆ ಮೀಮಾಂಸಕರು ಹೇಳುವ ದೋಷಗಳಲ್ಲಿ ಮೊದಲನೆಯದು ಸ್ವಾರ್ಥಹಾನಿ, ಕೇಳಿಸಿದ ಅರ್ಥವನ್ನು ಬಿಟ್ಟುಕೊಡುವುದು. ಇಲ್ಲಿ ಕೇಳಿಸಿದ ಅರ್ಥ ಬೇಸಾಯ, ಬಿಟ್ಟುಹೋದದ್ದೂ ಅದೇ.

ಇದು ಪಾಠಶಾಲೆಯ ಚಮತ್ಕಾರವಲ್ಲವೆಂಬುದಕ್ಕೆ ಆ ದೇಶದ ಅನುಭವವೇ ಸಾಕ್ಷಿ. ಮೇಲಿನ ಲೆಕ್ಕದ ಹೊಲವು ಪತ್ರವಾದ ಮೇಲೆ ೪ ಲಕ್ಷಕ್ಕೆ ಇಳಿಯಬೇಕಾಗಿತ್ತಷ್ಟೆ. ಮೊದಲನೆಯ ಮಾರಾಟದಲ್ಲಿ ಅನೇಕ ಕಡೆ ಇಳಿಯಿತು ಕೂಡ. ಆದರೆ ಕಟ್ಟಡದವನು ಹೊರಗಾದ ಮೇಲೆ ಉಳಿದವನು ಬೇಸಾಯಗಾರನೊಬ್ಬನೇ ಅಲ್ಲ. ಊರಿನ ಗದ್ದಲವನ್ನು ಬಿಟ್ಟು ಬಂದು, ಒಂದು ಹಳೆಯ ಮನೆ, ಸುತ್ತ ಹಸಿರು, ಮುಂದೆ ಎಂದಿಗೂ ನೆರೆಮನೆ ಏಳಲಾರದೆಂಬ ಭರವಸೆ, ಇಷ್ಟನ್ನು ಬಯಸುವ ಧನಿಕನೂ ಇದ್ದಾನೆ. ಅವನಿಗೆ ಈ ನಿರ್ಬಂಧವು ಕುಂದಲ್ಲ, ಭೂಷಣ. ಕಟ್ಟಡವನ್ನು ನಿಷೇಧಿಸಿದ ಪತ್ರವೇ ಅವನಿಗೆ ಬೇಕಾದ ನೋಟವನ್ನು ಶಾಶ್ವತವಾಗಿ ಕಾಯ್ದಿಟ್ಟು ಕೊಡುತ್ತದೆ. ಅವನು ೭ ಲಕ್ಷ ಕೊಟ್ಟರೆ, ಹೈನಿನಿಂದ ಜೀವಿಸಬೇಕೆಂಬ ತರುಣ ದಂಪತಿಗಳು ಅವನೊಡನೆ ಹೇಗೆ ಸ್ಪರ್ಧಿಸಿಯಾರು? ಸಫೋಕ್ ಕೌಂಟಿಯ ಕಡಲದಂಡೆಯಲ್ಲಿ, ಸೌತಾಂಪ್ಟನ್ ಮೊದಲಾದ ಪಟ್ಟಣಗಳ ಸುತ್ತ, ಆಲೂಗೆಡ್ಡೆ ಬೆಳೆಯುತ್ತಿದ್ದ ಸಂರಕ್ಷಿತ ಭೂಮಿಯಲ್ಲಿ ಕೆಲವು ಶ್ರೀಮಂತರ ಕುದುರೆಗಳ ಮೇವಿನ ಬಯಲಾಯಿತು, ಕೆಲವು ಬಂಗಲೆಯ ಮುಂದಣ ಹುಲ್ಲಿನ ಹಾಸಾಯಿತು. ಒಂದು ಅಕ್ಷರವೂ ಉಲ್ಲಂಘಿತವಾಗಲಿಲ್ಲ. ಭೂಮಿ ಉಳಿಯಿತು, ಉಳುವವನು ಹೋದನು. ನಾಗರಿಕರು ೬ ಲಕ್ಷವನ್ನು ಕೊಟ್ಟದ್ದು ಧನಿಕನೊಬ್ಬನ ಉದ್ಯಾನಕ್ಕೆ ಬೇಲಿಯಾಗಲೆಂದಲ್ಲ.

ಬರೆದವರಿಗೆ ಬುದ್ಧಿಯಿರಲಿಲ್ಲವೆಂದು ಹೇಳುವುದು ಅನ್ಯಾಯ. ಅವರ ಕೈಯನ್ನು ಕಟ್ಟಿದ್ದು ಪೂರ್ವಾಚಾರ. ಆಂಗ್ಲ ನ್ಯಾಯದ ಪರಂಪರೆಯಲ್ಲಿ, ಒಬ್ಬನು ಮಾಡಿದ ಕರಾರು ಅವನಿಂದ ನೆಲವನ್ನು ಕೊಂಡ ಮುಂದಿನವನನ್ನು ಕಟ್ಟುವುದೇ ಎಂಬ ಪ್ರಶ್ನೆಯಲ್ಲಿ ಲಂಡನ್ ನಗರದ ಲೆಸ್ಟರ್ ಚೌಕದ ತೋಟದ ವ್ಯಾಜ್ಯವು ಪ್ರಸಿದ್ಧವಾದದ್ದು. ೧೮೦೮ರ ಮೂಲ ಕರಾರಿನಲ್ಲಿ ತೋಟವನ್ನು ಒಪ್ಪವಾಗಿ ಕಾಪಾಡತಕ್ಕದ್ದೆಂಬ ವಿಧಿಯೂ ಇತ್ತು, ಕಟ್ಟಡಗಳಿಂದ ಮುಚ್ಚಕೂಡದೆಂಬ ನಿಷೇಧವೂ ಇತ್ತು. ೧೮೪೮ರಲ್ಲಿ ನ್ಯಾಯಾಧೀಶರು ಮುಂದಿನವನ ಮೇಲೆ ಹೊರಿಸಿದ್ದು ನಿಷೇಧಾಂಶವನ್ನು. ಮಾಡಬೇಡವೆಂಬುದು ನೆಲದೊಡನೆ ಹೋಗಬಹುದು, ಮಾಡೆಂಬುದು ಹೋಗಲಾರದು ಎಂಬ ಭೇದವು ೧೮೮೫ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸ್ಥಿರವಾಯಿತು. ಅಮೆರಿಕದ ನ್ಯಾಯಾಲಯಗಳು ಇದನ್ನು ಅಷ್ಟು ಬಿಗಿಯಾಗಿ ಹಿಡಿಯದಿದ್ದರೂ ಪತ್ರ ಬರೆಯುವ ವಕೀಲರ ಲೇಖನಿಯಲ್ಲಿ ಹಳೆಯ ಹೆದರಿಕೆ ಉಳಿದುಕೊಂಡಿತು. ವಿಚಿತ್ರವೇನೆಂದರೆ, ಎಲ್ಲ ಸಂಸ್ಥಾನಗಳಿಗೂ ಮಾದರಿಯಾಗಲೆಂದು ೧೯೮೧ರಲ್ಲಿ ರಚಿತವಾದ ಏಕರೂಪ ಕಾನೂನು ಈ ಹೆದರಿಕೆಯನ್ನು ಪರಿಹರಿಸಿಯೇ ಇತ್ತು. ಅದರ ಲಕ್ಷಣವಾಕ್ಯದಲ್ಲಿ ಮಿತಿಗಳೂ ಕರ್ತವ್ಯಗಳೂ ಎರಡೂ ಹೇಳಲ್ಪಟ್ಟಿವೆ. ಭೂಮಿಯು ಕೃಷಿಗೆ ದೊರೆಯುವಂತೆ ಮಾಡುವುದು ಅದರ ಪ್ರಯೋಜನಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಸೂತ್ರಕಾರನು ಕೊಟ್ಟ ಅವಕಾಶವನ್ನು ವೃತ್ತಿಕಾರರು ಬಹುಕಾಲ ಬಳಸಲಿಲ್ಲ.

ಎರಡನೆಯ ಪತ್ರದಲ್ಲಿ ಈ ಕೊರತೆಯನ್ನು ತುಂಬುವ ಯತ್ನವಿದೆ. ಅದರಲ್ಲಿ ಸೇರಿರುವ ಹೊಸ ಪ್ರಕರಣದ ಸಾರವಿದು: ಒಡೆಯನು ಭೂಮಿಯನ್ನು ತನ್ನ ಕುಟುಂಬದವರಿಗಾಗಲಿ, ಬೇಸಾಯವೇ ಜೀವನವೆಂದು ತೋರಿಸಬಲ್ಲವನಿಗಾಗಲಿ ಮಾರಿದರೆ ಯಾರ ಅಡ್ಡಿಯೂ ಇಲ್ಲ, ಬೇರೆಯವನಿಗೆ ಮಾರಲು ಹೊರಟರೆ ಮಾತ್ರ ಸಂಘವು ನಡುವೆ ಬಂದು, ಕೃಷಿಯ ಆದಾಯಕ್ಕೆ ತಕ್ಕುದೆಂದು ಬೆಲೆಗಾರರು ನಿರ್ಣಯಿಸಿದ ಬೆಲೆಗೆ ತಾನು ಕೊಳ್ಳಬಹುದು, ಅಥವಾ ತನ್ನ ಹಕ್ಕನ್ನು ಒಬ್ಬ ರೈತನಿಗೆ ವಹಿಸಿಕೊಡಬಹುದು. ಮ್ಯಾಸಚೂಸೆಟ್ಸಿನವರು ೧೯೯೦ರ ದಶಕದಲ್ಲಿ ಇದನ್ನು ಬರೆಯತೊಡಗಿದರು, ವರ್ಮಾಂಟಿನವರು ಅವರನ್ನು ಅನುಸರಿಸಿದರು. ವರ್ಮಾಂಟಿನಲ್ಲಿ ೧೯೮೭ರಿಂದಲೂ ಬಡವರ ವಸತಿಗೂ ಹೊಲಗಳ ರಕ್ಷಣೆಗೂ ಒಂದೇ ಮಂಡಲಿಯು ಹಣ ಒದಗಿಸುತ್ತಿರುವುದು ಇಲ್ಲಿ ಗಮನಾರ್ಹ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಿಡಿದ ದಾರಿ ಬೇರೆ. ಜೀವವಿಜ್ಞಾನಿ ಫಿಲಿಸ್ ಫೇಬರ್, ಹೈನುಗಾರ್ತಿ ಎಲೆನ್ ಸ್ಟ್ರಾಸ್ ಇವರು ೧೯೮೦ರಲ್ಲಿ ಸ್ಥಾಪಿಸಿದ ಭೂನ್ಯಾಸವು ೨೦೧೦ರ ಈಚೆಗೆ ತನ್ನ ಪತ್ರಗಳಲ್ಲಿ ಕೃಷಿಯು ನಡೆಯಲೇಬೇಕೆಂದು ಬರೆಯಿಸುತ್ತಿದೆ. ಇದು ಅಪ್ಪಟ ನಿಯಮ. ಒಡೆಯನು ತಾನೇ ದುಡಿಯಬೇಕಾಗಿಲ್ಲ, ಗೇಣಿಗೆ ಕೊಟ್ಟು ನಡೆಯಿಸಬಹುದು. ಋತ್ವಿಜರು ಮಾಡಿದರೂ ಕರ್ಮವು ಯಜಮಾನನದೇ ಅಲ್ಲವೆ?

ವರ್ಮಾಂಟಿನ ಪ್ರಕರಣವು ಶುದ್ಧ ನಿಯಮವಲ್ಲವೆಂಬುದನ್ನು ಮರೆಮಾಚಲಾಗದು. ಸಂಘವು ಕೊಳ್ಳಬಹುದು, ಬಿಡಲೂಬಹುದು. ಇದು ವಿಕಲ್ಪ; ವಿಕಲ್ಪಕ್ಕೆ ಎಂಟು ದೋಷಗಳೆಂದು ಶಾಸ್ತ್ರ. ಒಂಬತ್ತನೆಯದೊಂದನ್ನು ನಾವು ಸೇರಿಸುವೆವು: ಗೊತ್ತಾದ ದಿನಗಳೊಳಗೆ ಸಂಘದ ಪೆಟ್ಟಿಗೆಯಲ್ಲಿ ಹಣವಿರಬೇಕು. ಆದರೂ ಅದನ್ನು ನಿಷ್ಫಲವೆನ್ನುವುದು ಸರಿಯಲ್ಲ. ಪತ್ರದಲ್ಲಿ ಆ ಪ್ರಕರಣವಿದೆಯೆಂದು ಓದಿದ ಕೂಡಲೆ ನೋಟಕ್ಕಾಗಿ ಬಂದ ಧನಿಕನು ಹಿಂಜರಿಯುತ್ತಾನೆ. ತಾನು ಒಪ್ಪಿಸಿದ ಬೆಲೆಗೆ ಹೊಲ ತನಗೇ ಬರುವುದೆಂಬ ನೆಚ್ಚಿಕೆ ಅವನಿಗಿರುವುದಿಲ್ಲ. ಬಳಸದೆ ಇಟ್ಟ ಹಕ್ಕೂ ಹೀಗೆ ಕೆಲಸ ಮಾಡುತ್ತದೆ.

ಇದಕ್ಕೆ ಪೂರ್ವಪಕ್ಷವುಂಟು, ಅದು ರೈತನ ಬಾಯಿಂದಲೇ ಬಂದದ್ದಾದುದರಿಂದ ಗೌರವದಿಂದ ಕೇಳಬೇಕು. ಹೊಲವೇ ಅವನ ಮುಪ್ಪಿನ ಗಂಟು. ಕಟ್ಟಡದ ಹಕ್ಕನ್ನು ಒಮ್ಮೆ ಮಾರಿದ್ದಾನೆ. ಈಗ ಉಳಿದುದನ್ನೂ ಹೆಚ್ಚು ಕೊಡುವವನಿಗೆ ಮಾರಬೇಡವೆಂದರೆ, ಇನ್ನೊಬ್ಬನ ಮಗನಿಗೆ ಹೊಲ ಅಗ್ಗವಾಗಲೆಂದು ಇವನು ಬಡವನಾಗಬೇಕೆ? ಇದಕ್ಕೆ ಸಮಾಧಾನವು ಉಪದೇಶದಿಂದ ಆಗತಕ್ಕದ್ದಲ್ಲ, ಹಣದಿಂದ ಆಗತಕ್ಕದ್ದು. ೭ ಲಕ್ಷಕ್ಕೂ ೪ ಲಕ್ಷಕ್ಕೂ ಇರುವ ಅಂತರವನ್ನು ಪ್ರಕರಣವನ್ನು ಬರೆಯಿಸಿಕೊಳ್ಳುವ ದಿನವೇ ತೆರಬೇಕು. ಹಳೆಯ ಪತ್ರಗಳಿಗೆ ಈ ಪ್ರಕರಣವನ್ನು ಸೇರಿಸಲು ಹೊರಟಲ್ಲಿಯೂ ಅದೇ ನ್ಯಾಯ. ತೆರದೆ ಬರೆಯಿಸಿಕೊಂಡರೆ ಅದು ದಾನವಲ್ಲ, ಅಪಹಾರ. ಶಾಶ್ವತವೆಂಬ ಮಾತಿನಿಂದ ಮುಂದಿನ ಪೀಳಿಗೆಯನ್ನು ಸತ್ತವರು ಆಳುವಂತಾಗುವುದೆಂಬ ಮತ್ತೊಂದು ಆಕ್ಷೇಪವೂ ಇದೆ. ಹೊಲದ ಮೇಲೆ ಎದ್ದ ಕಾಂಕ್ರೀಟು ಅದಕ್ಕಿಂತ ಕಡಿಮೆ ಶಾಶ್ವತವೇ ಎಂದಷ್ಟೇ ಕೇಳಿ ಮುಂದೆ ಹೋಗುವೆವು.

ಮಾರುವವನ ಸ್ವಾತಂತ್ರ್ಯಕ್ಕೆ ಇಂಥ ಕಟ್ಟು ಹಿಂದೆ ಎಲ್ಲಿಯೂ ಇರಲಿಲ್ಲವೆಂದು ಹೇಳುವವರಿಗೆ, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳವರು ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೋರಿಸಬಹುದು. ಅದರ ಮೂರನೆಯ ಅಧಿಕರಣದಲ್ಲಿ ಭೂಮಿಯನ್ನು ಕೊಳ್ಳಲು ಜ್ಞಾತಿಗಳು, ನೆರೆಹೊಲದವರು, ಸಾಲ ಕೊಟ್ಟವರು ಕ್ರಮವಾಗಿ ಮೊದಲಿಗರು. ಕೊಳ್ಳುವವರ ಸ್ಪರ್ಧೆಯಿಂದ ಬೆಲೆ ಏರಿದರೆ ಏರಿದ ಭಾಗವು ಮಾರುವವನಿಗಲ್ಲ, ರಾಜನ ಬೊಕ್ಕಸಕ್ಕೆ. ಕರ ಕೊಡುವ ಒಕ್ಕಲು ಕರ ಕೊಡುವವನಿಗೇ ಮಾರಬೇಕು, ಅಡವಿಡಬೇಕು. ವರ್ಮಾಂಟಿನ ಪ್ರಕರಣಕ್ಕೆ ಇಷ್ಟು ಹತ್ತಿರವಾದ ವಾಕ್ಯವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಆದರೆ ಉದ್ದೇಶದಲ್ಲಿ ಸಾಮ್ಯವಿಲ್ಲ. ಕೌಟಿಲ್ಯನ ಚಿಂತೆ ಕರ ತಪ್ಪದಿರಲೆಂಬುದು, ರೈತನು ಉಳಿಯಲೆಂಬುದಲ್ಲ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಭೂವಿಕ್ರಯಕ್ಕೆ ಗ್ರಾಮದವರ ಸಮ್ಮತಿಯನ್ನು ಹೇಳಿದ್ದರೂ, ಅದು ವ್ಯವಹಾರವು ಪ್ರಕಟವಾಗಿರಲೆಂದೇ ಹೊರತು ಅದಿಲ್ಲದೆ ವ್ಯವಹಾರವು ಸಿದ್ಧಿಸದೆಂದಲ್ಲವೆಂದು ಅವನೇ ಬಿಡಿಸಿದ್ದಾನೆ.

ನಮ್ಮ ನಾಡಿನ ಈಚಿನ ಅನುಭವವನ್ನೂ ಇಲ್ಲಿ ನೆನೆಯಬೇಕು. ೧೯೬೧ರ ಭೂಸುಧಾರಣಾ ಶಾಸನಕ್ಕೆ ೧೯೭೪ರಲ್ಲಿ ಸೇರಿದ ೭೯-ಎ, ೭೯-ಬಿ ಪ್ರಕರಣಗಳು ಬೇರೆ ಮೂಲದಿಂದ ದೊಡ್ಡ ವರಮಾನವುಳ್ಳವರೂ ಸ್ವತಃ ಬೇಸಾಯ ಮಾಡದವರೂ ಕೃಷಿಭೂಮಿಯನ್ನು ಪಡೆಯದಂತೆ ತಡೆದಿದ್ದವು. ೨೦೨೦ರಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ಅವು ಇದ್ದಾಗ ಎಷ್ಟು ಪಾಲಿತವಾಗಿದ್ದವೆಂಬುದು ಬೇರೆ ಮಾತು. ನಮ್ಮದು ಅಧಿಕಾರವ್ಯವಸ್ಥೆ, ಯಾರು ಅರ್ಹರೆಂಬುದನ್ನು ಹೇಳಿತು. ಎಲ್ಲ ನೆಲಕ್ಕೂ ಒಂದೇ ಸಲ ಅನ್ವಯಿಸಿತು, ಒಂದೇ ಸಲ ಹೋಯಿತು. ಅವರದು ಒಂದೊಂದು ಹೊಲಕ್ಕೆ ಬೆಲೆ ತೆತ್ತು ಬರೆಯಿಸಿಕೊಂಡ ಪತ್ರ. ನಿಧಾನವಾಗಿ ಹಬ್ಬುತ್ತದೆ, ಒಂದು ಅಧಿವೇಶನದಲ್ಲಿ ಅಳಿಸಿಹೋಗುವುದಿಲ್ಲ.

ಇಷ್ಟಾದ ಮೇಲೆ ಶಿಷ್ಯರ ಪ್ರಶ್ನೆಗೆ ನಾವು ಬರೆದ ಉತ್ತರ ಹೀಗಿತ್ತು. ಎರಡು ಪತ್ರಗಳಿಗೆ ಒಂದೇ ಹೆಸರು ಸಲ್ಲದು. ಹಳೆಯದನ್ನು ‘ನಿರ್ಮಾಣನಿಷೇಧಪತ್ರ’ವೆಂದೂ, ಹೊಸ ಪ್ರಕರಣವುಳ್ಳದ್ದನ್ನು ‘ಕೃಷಿನಿಯಮಪತ್ರ’ವೆಂದೂ ಕರೆಯಬೇಕು, ಅದರಲ್ಲಿರುವ ವಿಕಲ್ಪಾಂಶವನ್ನು ಹೆಸರು ಸ್ವಲ್ಪ ಮುಚ್ಚುವುದಾದರೂ ತಾತ್ಪರ್ಯವನ್ನು ಕೆಡಿಸುವುದಿಲ್ಲ. ಆ ಹೊಸ ಪ್ರಕರಣದಲ್ಲಿ ಬರುವ ಅರ್ಹ ಬೇಸಾಯಗಾರನಿಗೆ, ಕುಟುಂಬಸಮೇತನಾಗಿ ನೆಲದ ಮೇಲೆ ವಾಸವಾಗಿ ಅದನ್ನು ಉಳುವವನಿಗೆ, ಇಂಗ್ಲಿಷಿನಲ್ಲಿ ಎರಡು ಮೂರು ಪದಗಳು ಬೇಕು. ಕನ್ನಡದಲ್ಲಿ ‘ಒಕ್ಕಲು’ ಎಂಬ ಒಂದೇ ಪದದಲ್ಲಿ ಮನೆತನ, ವಾಸ, ಗೇಣಿ, ಬೇಸಾಯ ನಾಲ್ಕೂ ಅಡಗಿವೆ. ‘ಒಕ್ಕಲಿಗ’ ಎಂದು ಬರೆಯೋಣವೆಂದರೆ ಅದೀಗ ಜಾತಿಯ ಹೆಸರಾಗಿ ನಿಂತಿರುವುದರಿಂದ ವಾಚಕರು ಬೇರೆಯೇ ತಿಳಿದಾರು. ‘ಒಕ್ಕಲುತನದವನು’ ಎಂದು ಬರೆದು ಕಳುಹಿಸಿದೆವು. ಅದಕ್ಕೆ ಅವರು, ವರ್ಮಾಂಟಿನಲ್ಲಿ ಹೊಲ ನೋಡುತ್ತಿರುವ ಮೊದಲ ತಲೆಮಾರಿನ ತರುಣರಿಗೆ ಹಿಂದೆ ಯಾವ ಒಕ್ಕಲುತನವೂ ಇಲ್ಲವಲ್ಲ, ಅವರು ಈಗ ತಾನೇ ಒಕ್ಕಲಾಗಲು ಬಂದವರು, ಅವರನ್ನು ಪದವು ಹೊರಗಿಡುವುದಿಲ್ಲವೆ ಎಂದು ಮರುಪ್ರಶ್ನೆ ಹಾಕಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ‘ಒಕ್ಕಲಾಗು’ ಎಂಬ ಧಾತುವಿನಿಂದಲೇ ಬೇರೊಂದು ರೂಪವನ್ನು ಸಾಧಿಸಲಾಗುವುದೇ ಎಂದು ನೋಡುತ್ತಿದ್ದೇವೆ. ಸೂಚಿಸಬಲ್ಲ ವಿದ್ವಾಂಸರು ತಿಳಿಸಿದರೆ ಉಪಕೃತರಾಗುವೆವು.